ಡೋಲು ಕಸಿದುಕೊಂಡರೂ ತಾಳ ನಿಲ್ಲಲಿಲ್ಲ

ಮೇ ತಿಂಗಳಲ್ಲಿ ದಕ್ಷಿಣ ಕೊಡಗಿನ ತಿತಿಮತಿ, ಗೋಣಿಕೊಪ್ಪಲು ಕಡೆ ಹೋಗುವವರು ಜೇಬಿನಲ್ಲಿ ಒಂದಿಷ್ಟು ಚಿಲ್ಲರೆ ಇಟ್ಟುಕೊಂಡೇ ಹೊರಡುವುದು ವಾಡಿಕೆ. ರಸ್ತೆಯ ತಿರುವಿನಲ್ಲಿ ಎಲ್ಲಿಂದಲೋ ಒಂದು ಗುಂಪು ಪ್ರತ್ಯಕ್ಷವಾಗುತ್ತದೆ. ಸೀರೆ ಉಟ್ಟ ಗಂಡಸರು, ಮುಖಕ್ಕೆ ಮಸಿಯನ್ನೋ ಬಣ್ಣವನ್ನೋ ಬಳಿದುಕೊಂಡವರು, ಸೋರೆಬುರುಡೆ ಹಿಡಿದವರು, ಪ್ಲಾಸ್ಟಿಕ್ ಕ್ಯಾನನ್ನೇ ಡೋಲು ಮಾಡಿಕೊಂಡವರು ನಿಮ್ಮನ್ನು ಸುತ್ತುವರಿದು ಕುಣಿಯುತ್ತಾರೆ, ಹಾಡುತ್ತಾರೆ, ಬೈಯುತ್ತಾರೆ. ಬೈಗುಳವೆಂದರೆ ಬರೆಯಲು ಬರುವಂಥದ್ದಲ್ಲ. ದುಡ್ಡು ಕೊಟ್ಟರೂ ಬೈಗುಳ, ಕೊಡದಿದ್ದರೆ ಇನ್ನೂ ಹೆಚ್ಚು. ಇದೇ ಕುಂಡೆ ಹಬ್ಬ. ದೇವರಪುರದ ಅಯ್ಯಪ್ಪ-ಭದ್ರಕಾಳಿ ದೇವಾಲಯದಲ್ಲಿ ಇದರ ಸಮಾರೋಪ. ಬೈಯುವವರು ಜೇನುಕುರುಬರು, ಬೆಟ್ಟಕುರುಬರು, ಯರವರು. ವರ್ಷದ ಉಳಿದ ದಿನಗಳಲ್ಲಿ ನಮ್ಮ ಕಾಫಿ ತೋಟಗಳಲ್ಲಿ ತಲೆ ತಗ್ಗಿಸಿ ದುಡಿಯುವ ಜನ.

ಇದರ ಹಿಂದಿನ ಕಥೆಯೂ ಸ್ವಾರಸ್ಯಕರವಾಗಿದೆ. ದೇವರು ಈ ಕಾಡಿನ ಮಕ್ಕಳನ್ನು ಬೇಟೆಗೆಂದು ಕರೆತಂದನಂತೆ. ನಡುದಾರಿಯಲ್ಲಿ ಭದ್ರಕಾಳಿಯನ್ನು ಕಂಡು ಮೋಹಗೊಂಡು, ಇವರನ್ನು ಕಾಡಿನಲ್ಲೇ ಬಿಟ್ಟು ಅವಳ ಹಿಂದೆ ಹೋಗಿಬಿಟ್ಟನಂತೆ. ಕೈಕೊಟ್ಟ ದೇವರನ್ನು ವರ್ಷಕ್ಕೊಮ್ಮೆ ಬಾಯಿಗೆ ಬಂದಂತೆ ಬೈಯುವ ಹಕ್ಕು ಇವರಿಗೆ ಹಾಗೆ ಬಂದಿದೆ. ದೇವರನ್ನೇ ಬೈಯಬಹುದಾದರೆ ಧಣಿ ಯಾವ ಲೆಕ್ಕ?

ಇಲ್ಲಿ ಮೇಷ್ಟರಾಗಿ ಬಂದ ಹೊಸತರಲ್ಲಿ ನನಗೆ ಈ ಹಬ್ಬವೆಂದರೆ ಮುಜುಗರ. ಒಂದು ವರ್ಷ ಮಾತ್ರ ನಿಂತು ನೋಡಿದೆ. ಒಬ್ಬ ಮುದುಕ ಹಳೆಯ ಕೋಟು ತೊಟ್ಟು, ತಲೆಗೆ ಟೋಪಿ ಇಟ್ಟು, ಕೈಯಲ್ಲಿ ಕೋಲು ಹಿಡಿದು, ಹೊಟ್ಟೆ ಮುಂದೆ ಮಾಡಿ ನಡೆದುಬಂದ. ಎರಡು ಹೆಜ್ಜೆಗೊಮ್ಮೆ ನಿಂತು, ಕಾಣದ ಗಿಡಗಳ ಕಡೆ ಕೋಲು ತೋರಿಸಿ, ಕಾಣದ ಆಳುಗಳನ್ನು ಗದರಿದ. ತೋಟದ ಮಾಲೀಕರೊಬ್ಬರು ನನ್ನ ಪಕ್ಕದಲ್ಲೇ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ನಡೆಯುವುದೂ ಹಾಗೆಯೇ ಎಂಬುದು ಅವರಿಗೆ ಹೊಳೆದಂತೆ ಕಾಣಲಿಲ್ಲ.

ಆ ಕ್ಷಣ ನನಗೆ ನೆನಪಾದದ್ದು ಸಾವಿರಾರು ಮೈಲಿ ದೂರದ ಅಮೆರಿಕದ ಒಂದು ಕುಣಿತ.

ಕೇಕಿನ ನಡಿಗೆ

ಅದರ ಹೆಸರು ಕೇಕ್‌ವಾಕ್. ಅಮೆರಿಕದ ದಕ್ಷಿಣ ರಾಜ್ಯಗಳ ತೋಟಗಳಲ್ಲಿ, ಗುಲಾಮಗಿರಿಯ ಕಾಲದಲ್ಲಿ ಹುಟ್ಟಿದ್ದು. ಬಿಳಿಯ ಧಣಿಗಳು ತಮ್ಮ ದೊಡ್ಡ ಮನೆಗಳಲ್ಲಿ ಜೋಡಿಜೋಡಿಯಾಗಿ ಎದೆಯುಬ್ಬಿಸಿ, ಠೀವಿಯಿಂದ ಹೆಜ್ಜೆಯಿಟ್ಟು ನರ್ತಿಸುತ್ತಿದ್ದರು. ಕಿಟಕಿಯಾಚೆಯಿಂದ ಅದನ್ನು ಕಂಡ ಗುಲಾಮರು ತಮ್ಮ ಗುಡಿಸಲ ಅಂಗಳದಲ್ಲಿ ಅದನ್ನೇ ಉತ್ಪ್ರೇಕ್ಷೆ ಮಾಡಿ ಕುಣಿದರು. ಬೆನ್ನು ಹಿಂದಕ್ಕೆ ಬಾಗಿಸಿ, ಮೊಣಕಾಲು ಎತ್ತಿ, ಇಲ್ಲದ ಟೋಪಿಯನ್ನು ತೆಗೆದು ವಂದಿಸಿದರು. ಧಣಿಗಳಿಗೆ ಇದು ಮೋಜೆನಿಸಿತು. ಚೆನ್ನಾಗಿ ಕುಣಿದ ಜೋಡಿಗೆ ಕೇಕು ಬಹುಮಾನವಾಗಿ ಸಿಗುತ್ತಿತ್ತು. ತಮ್ಮನ್ನೇ ಅಣಕಿಸಿದವರಿಗೆ ತಾವೇ ಬಹುಮಾನ ಕೊಟ್ಟು ಕಳುಹಿಸಿದ ಧಣಿಗಳು ಅವರು!

ಮಾತನಾಡಲು ಬಿಡದವನಿಗೆ ನಡಿಗೆಯೇ ಮಾತಾಗುತ್ತದೆ. ಅಮೆರಿಕದ ಕಪ್ಪು ಜನರ ನೃತ್ಯ, ಸಂಗೀತ, ನಾಟಕಗಳ ಚರಿತ್ರೆಯನ್ನು ಹೀಗೆ ಒಂದು ವಾಕ್ಯದಲ್ಲಿ ಹೇಳಿಬಿಡಬಹುದೇನೋ. ಆದರೆ ಆ ಚರಿತ್ರೆಗೆ ಹಲವು ತಿರುವುಗಳಿವೆ. ಅವುಗಳಲ್ಲಿ ಒಂದೆರಡು ನಮ್ಮ ಮನೆಯಂಗಳಕ್ಕೂ, ನನ್ನ ಶಾಲೆಯಂಗಳಕ್ಕೂ ಬಂದು ತಲುಪುತ್ತವೆ.

ಡೋಲಿಗೆ ಹೆದರಿದ ಸರ್ಕಾರ

ಸುಮಾರು 350 ವರ್ಷಗಳ ಅವಧಿಯಲ್ಲಿ ಆಫ್ರಿಕದ ಕರಾವಳಿಯಿಂದ ಅಟ್ಲಾಂಟಿಕ್ ಸಾಗರ ದಾಟಿಸಲು ಹಡಗಿಗೆ ತುಂಬಿದ ಗುಲಾಮರು ಸುಮಾರು 1 ಕೋಟಿ 25 ಲಕ್ಷ ಮಂದಿ ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಸುಮಾರು 18 ಲಕ್ಷ ಜನ ದಾರಿಯಲ್ಲೇ ಸತ್ತರು. ಬದುಕುಳಿದವರಲ್ಲಿ ಸುಮಾರು 4 ಲಕ್ಷ ಮಂದಿ ನೇರವಾಗಿ ಉತ್ತರ ಅಮೆರಿಕ ತಲುಪಿದರು. ಅವರು ಕೈಯಲ್ಲಿ ಏನನ್ನೂ ತರುವಂತಿರಲಿಲ್ಲ. ತಂದದ್ದು ಮೈಯಲ್ಲಿದ್ದ ತಾಳ, ಬಾಯಲ್ಲಿದ್ದ ಹಾಡು. ಹೊಸ ನೆಲದಲ್ಲಿ ಸೋರೆಬುರುಡೆಗೆ ಚರ್ಮ ಬಿಗಿದು, ಕೋಲು ಸಿಕ್ಕಿಸಿ, ತಂತಿ ಕಟ್ಟಿ ಅವರು ಮಾಡಿಕೊಂಡ ವಾದ್ಯವೇ ಮುಂದೆ ಜಗತ್ತಿಗೆಲ್ಲ ಬ್ಯಾಂಜೊ ಎಂದು ಪರಿಚಿತವಾಯಿತು.

ಡೋಲನ್ನೂ ಮಾಡಿಕೊಂಡರು. ಆದರೆ 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊ ನದಿಯ ಬಳಿ ಗುಲಾಮರು ದಂಗೆ ಎದ್ದರು. ಡೋಲು ಬಡಿಯುತ್ತಾ, ಬಾವುಟ ಹಿಡಿದು ಸಾಗಿದರು. ದಾರಿಯುದ್ದಕ್ಕೂ ಡೋಲಿನ ಸದ್ದು ಕೇಳಿ ಇನ್ನಷ್ಟು ಜನ ಸೇರಿಕೊಂಡರು. ದಂಗೆಯನ್ನು ರಕ್ತದಲ್ಲಿ ಅಡಗಿಸಲಾಯಿತು. ಮರುವರ್ಷ, ಅಂದರೆ 1740ರಲ್ಲಿ ಬಂದ ಕಾಯ್ದೆ ಗುಲಾಮರು ಡೋಲು, ಕೊಂಬು ಮುಂತಾದ ಗಟ್ಟಿ ಸದ್ದಿನ ವಾದ್ಯಗಳನ್ನು ಬಳಸುವುದನ್ನು ನಿಷೇಧಿಸಿತು.

ಒಂದು ಚರ್ಮವಾದ್ಯಕ್ಕೆ ಸರ್ಕಾರ ಹೆದರುವುದೆಂದರೇನು? ವಿಜ್ಞಾನದ ಮೇಷ್ಟರಾಗಿ ಇದಕ್ಕೆ ಸ್ವಲ್ಪ ವಿವರಣೆ ಕೊಡಬಲ್ಲೆ. ಬಿಗಿದ ಚರ್ಮವನ್ನು ಬಡಿದಾಗ ಅದು ಕಂಪಿಸುತ್ತದೆ. ಬಿಗಿತ ಹೆಚ್ಚಿದಂತೆ ಕಂಪನದ ವೇಗ ಹೆಚ್ಚುತ್ತದೆ, ಸ್ವರ ಏರುತ್ತದೆ. ಪಶ್ಚಿಮ ಆಫ್ರಿಕದ ಒಂದು ಬಗೆಯ ಡೋಲು ನಡು ಸಣ್ಣದಾಗಿ ಡಮರುವಿನಂತಿರುತ್ತದೆ. ಎರಡೂ ಬದಿಯ ಚರ್ಮವನ್ನು ಬಿಗಿದ ಹಗ್ಗಗಳನ್ನು ಕಂಕುಳಲ್ಲಿ ಒತ್ತಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಅಲ್ಲಿನ ಯೊರೂಬಾ ಮುಂತಾದ ಭಾಷೆಗಳಲ್ಲಿ ಸ್ವರದ ಏರಿಳಿತದಿಂದಲೇ ಪದದ ಅರ್ಥ ಬದಲಾಗುತ್ತದೆ. ಹಾಗಾಗಿ ಆ ಡೋಲು ಅಕ್ಷರಶಃ ಮಾತನಾಡುತ್ತದೆ. ಊರಿನಿಂದ ಊರಿಗೆ ಸುದ್ದಿ ಮುಟ್ಟಿಸುತ್ತದೆ.

ಕೊಡಗಿನ ಓದುಗರಿಗೆ ಈ ವರ್ಣನೆ ಕೇಳಿದೊಡನೆ ದುಡಿ ನೆನಪಾಗಿರಬೇಕು. ಪುತ್ತರಿಯಲ್ಲಿ, ಮದುವೆಯಲ್ಲಿ, ಸಾವಿನ ಮನೆಯಲ್ಲಿ ಹಾಡಿನ ಜೊತೆ ನುಡಿಯುವ ನಮ್ಮ ದುಡಿಯ ಆಕಾರವೂ ಅದೇ, ತತ್ತ್ವವೂ ಅದೇ. ಎರಡೂ ಒಂದೇ ಮೂಲದವು ಎಂದು ನಾನು ಹೇಳುತ್ತಿಲ್ಲ. ಚರ್ಮ, ಹಗ್ಗ, ಮರ ಸಿಕ್ಕಿದ ಕಡೆ ಮನುಷ್ಯನ ಕೈ ಒಂದೇ ಬಗೆಯ ಜಾಣ್ಮೆ ತೋರಿಸಿದೆ, ಅಷ್ಟೆ.

ಡೋಲು ಹೋಯಿತು. ತಾಳ ಹೋಗಲಿಲ್ಲ. ಕೈಗಳಿಂದ ತೊಡೆ, ಎದೆ, ಭುಜಗಳನ್ನು ಬಡಿದು ತಾಳ ಹಾಕುವ ‘ಪ್ಯಾಟಿಂಗ್ ಜೂಬಾ’ ಬೆಳೆಯಿತು. ನೆಲವೇ ಡೋಲಾಯಿತು, ಹಿಮ್ಮಡಿ ಮತ್ತು ಬೆರಳ ತುದಿ ಕೋಲುಗಳಾದವು. ಇದಕ್ಕೆ ಐರಿಷ್ ವಲಸೆಗಾರರ ಹೆಜ್ಜೆಗಾರಿಕೆ ಬೆರೆತು ಟ್ಯಾಪ್ ನೃತ್ಯವಾಯಿತು. ಚರ್ಚಿನ ಹಿರಿಯರು ಕುಣಿತವನ್ನು ಪಾಪವೆಂದರು. ಒಂದು ಕಾಲನ್ನು ಇನ್ನೊಂದರ ಮೇಲೆ ದಾಟಿಸಿದರೆ ಮಾತ್ರ ಅದು ಕುಣಿತ ಎಂದು ಗುಲಾಮರು ವ್ಯಾಖ್ಯಾನ ಮಾಡಿಕೊಂಡರು. ಕಾಲು ದಾಟಿಸದೆ, ನೆಲಕ್ಕೆ ಉಜ್ಜುತ್ತಾ, ಅಪ್ರದಕ್ಷಿಣೆಯಾಗಿ ಸುತ್ತುತ್ತಾ ಹಾಡಿದರು. ಅದು ‘ರಿಂಗ್ ಶೌಟ್’. ಕಾನೂನನ್ನು ಮುರಿಯದೆ ಕಾನೂನಿನ ಕಣ್ಣಿಗೆ ಮಣ್ಣೆರಚುವುದು ಬಡವರಿಗೆ ಬಂದ ವಿದ್ಯೆ. ಅದು ಎಲ್ಲ ದೇಶಗಳಲ್ಲೂ ಒಂದೇ.

ಸುಟ್ಟ ಬಿರಡೆಯ ಮಸಿ

ಮುಂದಿನ ಅಧ್ಯಾಯ ನೋವಿನದು. 1830ರ ಸುಮಾರಿಗೆ ಥಾಮಸ್ ರೈಸ್ ಎಂಬ ಬಿಳಿಯ ನಟ ಬಿರಡೆಯನ್ನು ಸುಟ್ಟು ಅದರ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ಹರಿದ ಬಟ್ಟೆ ಹಾಕಿ, ‘ಜಿಮ್ ಕ್ರೋ’ ಎಂಬ ಕರಿಯ ಗುಲಾಮನಂತೆ ಕುಣಿದು ಹೆಸರು ಮಾಡಿದ. ಆ ಬಗೆಯ ಆಟಗಳಿಗೆ ಮಿನ್‌ಸ್ಟ್ರೆಲ್ ಪ್ರದರ್ಶನ ಎಂದು ಹೆಸರು. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಅದಕ್ಕಿಂತ ಜನಪ್ರಿಯವಾದ ಮನರಂಜನೆ ಇರಲಿಲ್ಲವೆಂದೇ ಹೇಳಬೇಕು. ಕರಿಯನೆಂದರೆ ಪೆದ್ದ, ಸೋಮಾರಿ, ಸದಾ ಹಲ್ಲು ಕಿರಿಯುವವನು ಎಂಬ ಚಿತ್ರ ದೇಶದ ಮನಸ್ಸಿನಲ್ಲಿ ಅಚ್ಚೊತ್ತಿದ್ದು ಅಲ್ಲಿ. ಮುಂದೆ ಕಪ್ಪು ಜನರನ್ನು ಬೇರೆ ರೈಲು ಡಬ್ಬಿ, ಬೇರೆ ಶಾಲೆ, ಬೇರೆ ನಲ್ಲಿಗೆ ದೂಡಿದ ಕಾನೂನುಗಳಿಗೆ ಬಂದ ಅಡ್ಡಹೆಸರು ಯಾವುದು ಬಲ್ಲಿರಾ? ‘ಜಿಮ್ ಕ್ರೋ ಕಾನೂನು’. ಒಂದು ಹಾಸ್ಯಪಾತ್ರದ ಹೆಸರು!

ಇದಕ್ಕಿಂತ ವಿಚಿತ್ರವೆಂದರೆ ಈ ಆಟಗಳಲ್ಲಿ ಕೇಕ್‌ವಾಕ್ ಕೂಡ ಸೇರಿಕೊಂಡಿತು. ಬಿಳಿಯರನ್ನು ಅಣಕಿಸುವ ಕರಿಯರನ್ನು ಮಸಿ ಬಳಿದ ಬಿಳಿಯರು ಅಣಕಿಸಿದರು. ಯಾರು ಯಾರನ್ನು ನೋಡಿ ನಗುತ್ತಿದ್ದಾರೆಂಬುದೇ ಮರೆತುಹೋಯಿತು. ಅಂತರ್ಯುದ್ಧದ ನಂತರ ಕಪ್ಪು ಕಲಾವಿದರಿಗೂ ರಂಗದ ಬಾಗಿಲು ತೆರೆಯಿತು. ಆದರೆ ಅವರೂ ತಮ್ಮ ಕಪ್ಪು ಮುಖಕ್ಕೆ ಮತ್ತೆ ಮಸಿ ಬಳಿದುಕೊಳ್ಳಬೇಕಾಯಿತು. ಪ್ರೇಕ್ಷಕರಿಗೆ ಬೇಕಾಗಿದ್ದ ಕಪ್ಪು ಅವರ ಮೈಯ ಕಪ್ಪಾಗಿರಲಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ, ನಾನಿದ್ದ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ‘ಗಿರಿಜನ ನೃತ್ಯ’ ಆಗಬೇಕೆಂದು ತೀರ್ಮಾನವಾಯಿತು. ಎಂಟು ಹುಡುಗರನ್ನು ಆರಿಸಿದೆವು. ಎಲ್ಲರೂ ಅನುಕೂಲಸ್ಥರ ಮನೆಯವರು, ಅಭ್ಯಾಸಕ್ಕೆ ತಪ್ಪದೆ ಬರುವವರು. ಸೊಪ್ಪಿನ ಲಂಗ, ಗರಿಯ ಕಿರೀಟ, ಕೈಗೆ ಬಿದಿರಿನ ಈಟಿ. ಹಾಡು ಯಾವುದೋ ಸಿನಿಮಾದ್ದು, ಅರ್ಥವಿಲ್ಲದ ಕೂಗಾಟ. ಮೈಗೆ ಬಳಿಯಲು ಇದ್ದಿಲು ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿದರೆ ಸುಲಭವಾಗಿ ಹತ್ತುತ್ತದೆ, ಆಮೇಲೆ ತೊಳೆದರೆ ಹೋಗುತ್ತದೆ ಎಂದು ಸಲಹೆ ಕೊಟ್ಟವನು ನಾನು. ಕಲಸಿದವನೂ ನಾನೇ. ವಿಜ್ಞಾನದ ಮೇಷ್ಟರಲ್ಲವೇ?

ಅದೇ ಶಾಲೆಯಲ್ಲಿ ಲೈನ್ ಮನೆಯಿಂದ ಬರುತ್ತಿದ್ದ ಒಬ್ಬ ಯರವ ಹುಡುಗನಿದ್ದ. ಪಾಠದಲ್ಲಿ ಸುಮಾರು. ಆದರೆ ಡೆಸ್ಕಿನ ಮೇಲೆ ಬೆರಳಾಡಿಸಿದರೆ ತಲೆದೂಗುವಂಥ ತಾಳ ಬರುತ್ತಿತ್ತು. ಅದಕ್ಕಾಗಿ ಅವನನ್ನು ಎಷ್ಟೋ ಸಲ ಎದ್ದು ನಿಲ್ಲಿಸಿದ್ದೇನೆ. ನಾನು ಇದ್ದಿಲು ಕಲಸುತ್ತಿದ್ದಾಗ ಅವನು ಬಾಗಿಲ ಬಳಿ ನಿಂತು ನೋಡುತ್ತಿದ್ದ. ‘ನೀರು ತಂದಿಡಪ್ಪ’ ಎಂದೆ. ತಂದಿಟ್ಟ. ನೃತ್ಯಕ್ಕೆ ಚಪ್ಪಾಳೆಯೋ ಚಪ್ಪಾಳೆ. ಕಾಫಿ ಕೊಯ್ಲಿನ ಹೊತ್ತಿಗೆ ಆ ಹುಡುಗ ಶಾಲೆ ಬಿಟ್ಟ. ಬಿಡಲು ಕಾರಣ ನೃತ್ಯವಲ್ಲ, ಮನೆಯ ಬಡತನ. ಆದರೆ ನಮ್ಮಲ್ಲಿ ಅವನ ಜನರ ಕುಣಿತಕ್ಕೆ ಜಾಗವಿತ್ತು, ಅವನಿಗೆ ಇರಲಿಲ್ಲ ಎಂಬ ಸಂಗತಿ ನನಗೆ ಹೊಳೆದದ್ದು ಥಾಮಸ್ ರೈಸನ ಕಥೆ ಓದಿದ ಮೇಲೆಯೇ.

ಸ್ವಂತ ರಂಗ, ಸ್ವಂತ ಮಾತು

ಅಮೆರಿಕದ ಕಪ್ಪು ಜನ ಅಣಕಕ್ಕೆ ಅಣಕದಲ್ಲಷ್ಟೇ ಉತ್ತರ ಕೊಟ್ಟು ಕೂರಲಿಲ್ಲ. 1821ರಲ್ಲಿಯೇ ನ್ಯೂಯಾರ್ಕಿನಲ್ಲಿ ವಿಲಿಯಂ ಬ್ರೌನ್ ಎಂಬವರು ‘ಆಫ್ರಿಕನ್ ಗ್ರೋವ್’ ಎಂಬ ರಂಗಮಂದಿರ ತೆರೆದು ಶೇಕ್ಸ್‌ಪಿಯರನ ಮೂರನೇ ರಿಚರ್ಡ್ ನಾಟಕ ಆಡಿಸಿದರು. ಬಿಳಿಯ ಪುಂಡರ ಗಲಾಟೆ, ಪೊಲೀಸರ ಕಾಟ ತಾಳಲಾರದೆ ಅದು ಕೆಲವೇ ವರ್ಷಗಳಲ್ಲಿ ಮುಚ್ಚಿತು. ಅದೇ ನಗರದಲ್ಲಿ 1807ರಲ್ಲಿ ಹುಟ್ಟಿದ ಐರಾ ಆಲ್ಡ್ರಿಜ್ ತಾಯ್ನಾಡಿನಲ್ಲಿ ಅವಕಾಶವಿಲ್ಲವೆಂದು ಇಂಗ್ಲೆಂಡಿಗೆ ಹೋದ. 1833ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗದಲ್ಲಿ ಒಥೆಲೊ ಆದ. ಯುರೋಪಿನ ರಾಜಧಾನಿಗಳನ್ನೆಲ್ಲ ಗೆದ್ದು 1867ರಲ್ಲಿ ಪೋಲೆಂಡಿನಲ್ಲಿ ತೀರಿಕೊಂಡ.

ಹಾಡಿನ ಕಥೆಯೂ ಇಂಥದ್ದೇ. ಗುಲಾಮಗಿರಿಯಿಂದ ಬಿಡುಗಡೆಯಾದವರಿಗಾಗಿ ನ್ಯಾಶ್‌ವಿಲ್‌ನಲ್ಲಿ ಆರಂಭವಾದ ಫಿಸ್ಕ್ ವಿದ್ಯಾಸಂಸ್ಥೆ ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಾಗ, 1871ರಲ್ಲಿ ಅಲ್ಲಿನ ಒಂಬತ್ತು ವಿದ್ಯಾರ್ಥಿಗಳು ಹಾಡಲು ಊರೂರು ಹೊರಟರು. ಮೊದಮೊದಲು ಬಿಳಿಯರಿಗೆ ಪರಿಚಿತವಾದ ಹಾಡುಗಳನ್ನು ಹಾಡಿದರು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಅಪ್ಪ-ಅಮ್ಮಂದಿರು ಹೊಲದಲ್ಲಿ, ಕತ್ತಲಲ್ಲಿ ಹಾಡಿಕೊಳ್ಳುತ್ತಿದ್ದ ಭಕ್ತಿಗೀತೆಗಳನ್ನು ಎತ್ತಿಕೊಂಡಾಗ ಸಭೆ ಸ್ತಬ್ಧವಾಯಿತು. 1873ರಲ್ಲಿ ವಿಕ್ಟೋರಿಯಾ ರಾಣಿಯ ಮುಂದೆಯೂ ಹಾಡಿದರು. ಸಂಪಾದಿಸಿದ ಹಣದಲ್ಲಿ ಎದ್ದ ಜುಬಿಲಿ ಹಾಲ್ ಕಟ್ಟಡ ಇಂದಿಗೂ ಅಲ್ಲಿದೆ. ಹಾಡಿನಿಂದ ಶಾಲೆ ಉಳಿಸಿದ ಮಕ್ಕಳು ಅವರು.

ಇಪ್ಪತ್ತನೇ ಶತಮಾನದಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆದವು. 1903ರಲ್ಲಿ ಬರ್ಟ್ ವಿಲಿಯಮ್ಸ್ ಮತ್ತು ಜಾರ್ಜ್ ವಾಕರ್ ಜೋಡಿಯ ‘ಇನ್ ದಹೋಮಿ’ ನ್ಯೂಯಾರ್ಕಿನ ಬ್ರಾಡ್‌ವೇ ಏರಿತು. ಕೇಕ್‌ವಾಕ್ ಆಗ ಮತ್ತೆ ಹುಟ್ಟಿಸಿದವರ ಕಾಲಿಗೇ ಮರಳಿತು. 1921ರಲ್ಲಿ ‘ಷಫಲ್ ಅಲಾಂಗ್’ ಸಂಗೀತ ನಾಟಕ ಬಂತು. 1943ರಲ್ಲಿ ಪಾಲ್ ರೋಬ್ಸನ್ ಬ್ರಾಡ್‌ವೇಯಲ್ಲಿ ಒಥೆಲೊ ಆಗಿ 296 ಪ್ರದರ್ಶನ ಕೊಟ್ಟರು. ಅವರ ರಾಜಕೀಯ ಮಾತುಗಳಿಗೆ ಹೆದರಿ 1950ರಲ್ಲಿ ಅಮೆರಿಕ ಸರ್ಕಾರ ಅವರ ಪಾಸ್‌ಪೋರ್ಟ್ ಕಸಿದುಕೊಂಡಿತು. 210 ವರ್ಷಗಳ ಹಿಂದೆ ಡೋಲು ಕಸಿದುಕೊಂಡದ್ದು ನೆನಪಾಗುವುದಿಲ್ಲವೇ? 1958ರಲ್ಲಿ ಅವರಿಗೆ 60 ತುಂಬಿದಾಗ ನಮ್ಮ ದೇಶದಲ್ಲಿ ಅದನ್ನು ಆಚರಿಸಲಾಯಿತು, ಪ್ರಧಾನಿ ನೆಹರೂ ಅವರೇ ಬೆಂಬಲವಾಗಿ ನಿಂತರು.

1959ರಲ್ಲಿ ಲೊರೇನ್ ಹ್ಯಾನ್ಸ್‌ಬೆರಿಯ ‘ಎ ರೈಸಿನ್ ಇನ್ ದ ಸನ್’ ಬ್ರಾಡ್‌ವೇ ಏರಿತು. ಅಲ್ಲಿ ಆಡಿದ, ಕಪ್ಪು ಮಹಿಳೆಯೊಬ್ಬಳು ಬರೆದ ಮೊದಲ ನಾಟಕ ಅದು. ನಾಯಕ ರಾಜನಲ್ಲ, ಕಾರು ಚಾಲಕ. ಕಥೆ ಒಂದು ಮನೆ ಕೊಳ್ಳುವುದರದು. 1960ರಲ್ಲಿ ಆಲ್ವಿನ್ ಏಲಿ ತನ್ನ ಬಾಲ್ಯದ ಚರ್ಚಿನ ನೆನಪುಗಳನ್ನೇ ‘ರೆವೆಲೇಷನ್ಸ್’ ಎಂಬ ನೃತ್ಯವಾಗಿಸಿದರು. ಅವರ ತಂಡ ಇಂದಿಗೂ ಅದನ್ನು ಪ್ರದರ್ಶಿಸುತ್ತಿದೆ. ನಗೆಯ ವಸ್ತುವಾಗಿದ್ದವರು ತಮ್ಮ ಕಥೆಯನ್ನು ತಾವೇ ಹೇಳತೊಡಗಿದ್ದರು. ಈ ಹೋರಾಟದ ದನಿ ಕರ್ನಾಟಕಕ್ಕೂ ಕೇಳಿಸಿತು. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ತರುಣರು ತಮಟೆ ಹಿಡಿದು ಹೋರಾಟದ ಹಾಡು ಹಾಡಿದಾಗ, ಸಾವಿಗೆ, ಜಾತ್ರೆಗೆ ಬಿಟ್ಟಿಯಾಗಿ ಬಡಿಯಬೇಕಾಗಿದ್ದ ವಾದ್ಯ ಬಡಿಯುವವರ ಸ್ವಂತ ಮಾತಿಗೆ ಒದಗಿತು.

ನಮ್ಮ ಕಾಡಿನ ಆಫ್ರಿಕ

ಆಫ್ರಿಕದ ಗುಲಾಮರು ಪಶ್ಚಿಮಕ್ಕಷ್ಟೇ ಹೋಗಲಿಲ್ಲ. ಹಿಂದೂ ಮಹಾಸಾಗರ ದಾಟಿ ಪೂರ್ವಕ್ಕೂ ಬಂದರು. ಕೆಲವರು ಸೈನಿಕರಾಗಿ ಮೇಲೇರಿದರು. ಅಹಮದ್‌ನಗರದ ಮಲಿಕ್ ಅಂಬರ್, ಬಿಜಾಪುರದ ಆದಿಲ್‌ಶಾಹಿ ಆಸ್ಥಾನದ ಇಖ್ಲಾಸ್ ಖಾನ್ ಅಂಥವರು. ಪೋರ್ಚುಗೀಸರು ಗೋವೆಗೆ ತಂದ ಗುಲಾಮರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಡೆಯ ಸಿದ್ದಿಗಳು ಅವರ ಸಂತತಿ. ಇದು ಬರಿಯ ಊಹೆಯಲ್ಲ. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ವಂಶವಾಹಿ ಅಧ್ಯಯನ ಸಿದ್ದಿಗಳಲ್ಲಿ ಆಫ್ರಿಕದ ಬಂಟು ಜನರ ಅಂಶವೇ ಪ್ರಧಾನವಾಗಿದೆಯೆಂದೂ, ಜೊತೆಗೆ ಭಾರತೀಯ ಮತ್ತು ಯುರೋಪಿಯನ್ ಅಂಶಗಳು ಬೆರೆತಿವೆಯೆಂದೂ ತೋರಿಸಿತು.

ಇವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಆಫ್ರಿಕದ ಭಾಷೆ ಮರೆತುಹೋಗಿ ಕೊಂಕಣಿ, ಕನ್ನಡ, ಮರಾಠಿ, ಉರ್ದು ನಾಲಿಗೆಯಲ್ಲಿ ನಿಂತಿವೆ. ಉಳಿದದ್ದೇನು? ಮತ್ತೆ ಅದೇ, ಡೋಲು. ಮರದ ಒಡಲಿಗೆ ಚರ್ಮ ಬಿಗಿದ ‘ದಮಾಮ್’ ವಾದ್ಯ, ಅದರ ತಾಳಕ್ಕೆ ‘ದಮಾಮಿ’ ಕುಣಿತ. ಹಬ್ಬಕ್ಕೂ ಮದುವೆಗೂ ಅದೇ. ಮಾತು ಮರೆತರೂ ತಾಳ ಮರೆಯಲಿಲ್ಲ.

1980ರ ದಶಕದಲ್ಲಿ ಒಂದು ವಿಶೇಷ ನಡೆಯಿತು. ಹೆಗ್ಗೋಡಿನ ನೀನಾಸಂ, ಸಂಚಾರಿ ಶಿಬಿರಗಳ ಮೂಲಕ ಊರೂರಲ್ಲಿ ನಾಟಕ ಕಟ್ಟುತ್ತಿದ್ದ ಕಾಲ ಅದು. ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿಯಲ್ಲಿ ಸಿದ್ದಿಗಳನ್ನೇ ನಟರನ್ನಾಗಿ ಮಾಡಿಕೊಂಡು ಚಿದಂಬರರಾವ್ ಜಂಬೆಯವರು ನಾಟಕ ಆಡಿಸಿದರು. ಅವುಗಳಲ್ಲಿ ಒಂದು ನೈಜೀರಿಯದ ಚಿನುವ ಅಚಿಬೆಯ 1958ರ ಪ್ರಸಿದ್ಧ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’ ಆಧರಿಸಿದ್ದು. ಬಿಳಿಯರು ಕಾಲಿಟ್ಟಾಗ ಒಂದು ಆಫ್ರಿಕನ್ ಹಳ್ಳಿ ಹೇಗೆ ಒಡೆದುಹೋಯಿತೆಂಬುದು ಅದರ ಕಥೆ. ಯೋಚಿಸಿ ನೋಡಿ. ತಲೆಮಾರುಗಳ ಹಿಂದೆ ಆಫ್ರಿಕದಿಂದ ಕಿತ್ತು ತಂದವರ ಮೊಮ್ಮಕ್ಕಳು, ಆಫ್ರಿಕದ ಹಳ್ಳಿಯೊಂದರ ಕಥೆಯನ್ನು, ಕನ್ನಡದಲ್ಲಿ, ಸಹ್ಯಾದ್ರಿಯ ಕಾಡಂಚಿನಲ್ಲಿ ಆಡಿದರು. ಮುಖಕ್ಕೆ ಮಸಿ ಬೇಕಾಗಲಿಲ್ಲ.

ಅಲ್ಲಿಂದ ಹಾದಿ ತೆರೆಯಿತು. ಸಿದ್ದಿ ಯುವಕ ಯುವತಿಯರು ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೆ ಬಂದರು. ಗಿರಿಜಾ ಸಿದ್ದಿ, ಗೀತಾ ಸಿದ್ದಿ ರಂಗನಟಿಯರಾಗಿ, ಗಾಯಕಿಯರಾಗಿ ಹೆಸರು ಪಡೆದರು. ಪ್ರಶಾಂತ್ ಸಿದ್ದಿ 2011ರ ‘ಪರಮಾತ್ಮ’ ಮುಂತಾದ ಚಿತ್ರಗಳಿಂದ ಮನೆಮಾತಾದರು. 2021ರ ‘ಸಲಗ’ ಚಿತ್ರಕ್ಕಾಗಿ ಸಿದ್ದಿ ಕಲಾವಿದರು ತಮ್ಮದೇ ಹಾಡನ್ನು ತಾವೇ ಹಾಡಿ ಕುಣಿದಾಗ ಇಡೀ ಕರ್ನಾಟಕ ಅದಕ್ಕೆ ಹೆಜ್ಜೆ ಹಾಕಿತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ಶಾಸನಸಭೆ ಪ್ರವೇಶಿಸಿದ ಮೊದಲಿಗರು ಅವರು. ಇದೆಲ್ಲ ನಾಟಕದಿಂದಲೇ ಆಯಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಆದರೆ ತಾನೊಬ್ಬ ನೋಡುವ ವಸ್ತುವಲ್ಲ, ಮಾತನಾಡುವ ಮನುಷ್ಯ ಎಂಬ ಧೈರ್ಯವನ್ನು ರಂಗ ಕೊಡುತ್ತದೆ. ಅದು ಸಣ್ಣ ಲಾಭವೇನೂ ಅಲ್ಲ.

ಕೊಡಗಿಗೆ ಮರಳಿ

ಗುಲಾಮಗಿರಿ ಅಮೆರಿಕದ್ದು, ನಮ್ಮದಲ್ಲ ಎಂದು ನಾವು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಕೊಡಗಿನಲ್ಲಿಯೂ ಜಮ್ಮಾ ಭೂಮಿಯ ಜೊತೆ ಆಳುಗಳಿದ್ದರು. ಭೂಮಿಗೆ ಅಂಟಿಕೊಂಡ, ಅದನ್ನು ಬಿಟ್ಟು ಹೋಗಲಾಗದ ಆಳುಗಳು ಒಂದು ಬಗೆ. ಮನೆತನದ ಸೊತ್ತಾಗಿ, ಮಾರಲೂಬಹುದಾಗಿದ್ದವರು ಇನ್ನೊಂದು ಬಗೆ. ಪಕ್ಕದ ವಯನಾಡಿನ ವಳ್ಳಿಯೂರ್‌ಕಾವು ಜಾತ್ರೆಯಲ್ಲಿ ಆಳುಗಳನ್ನು ಒಂದು ವರ್ಷಕ್ಕೆಂದು ಗೊತ್ತು ಮಾಡಿಕೊಳ್ಳುವ ಪದ್ಧತಿ ಕಳೆದ ಶತಮಾನದಲ್ಲೂ ಇತ್ತು. ಬ್ರಿಟಿಷರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡರು. 1843ರ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದುಹಾಕಿತು. 1854ರಲ್ಲಿ ಫೌಲರ್ ಎಂಬ ಇಂಗ್ಲಿಷ್ ತೋಟಗಾರ ಮಡಿಕೇರಿ ಬಳಿ ಕಾಫಿ ತೋಟ ತೆರೆದ. ಗದ್ದೆಯ ಆಳುಗಳು ತೋಟದ ಆಳುಗಳಾದರು. ಸಾಲ, ಮುಂಗಡದ ಹಗ್ಗ ಮಾತ್ರ ಉಳಿಯಿತು. ಜೀತ ಪದ್ಧತಿ ರದ್ದತಿ ಕಾಯ್ದೆ ಬರಲು 1976ರ ತನಕ ಕಾಯಬೇಕಾಯಿತು. ಅಂದ ಹಾಗೆ, ಈ ಕಾಫಿ ಗಿಡವೂ ಮೂಲದಲ್ಲಿ ಆಫ್ರಿಕದ್ದೇ. ಇಥಿಯೋಪಿಯದ ಕಾಡಿನದು.

ಇದನ್ನು ತಿಳಿದ ಮೇಲೆ ಕುಂಡೆ ಹಬ್ಬದ ಬೈಗುಳ ನನ್ನ ಕಿವಿಗೆ ಬೇರೆಯೇ ಕೇಳಿಸುತ್ತದೆ. ಇತ್ತೀಚೆಗೆ ಅದನ್ನು ಮೊಬೈಲಿನಲ್ಲಿ ಹಿಡಿದು ಹಂಚಿಕೊಂಡು ನಗುವವರು ಹೆಚ್ಚಿದ್ದಾರೆ. ಅಶ್ಲೀಲ, ನಿಲ್ಲಿಸಬೇಕು ಎನ್ನುವವರೂ ಇದ್ದಾರೆ. ಎರಡೂ ಕಡೆಯವರು ಒಂದು ಕ್ಷಣ ನಿಂತು ಕೇಳಬೇಕು. ವರ್ಷಕ್ಕೊಂದೇ ದಿನ ಮಾತನಾಡಲು ಅವಕಾಶವಿರುವವನು ಆ ದಿನ ಮೆಲ್ಲಗೆ ಮಾತನಾಡುತ್ತಾನೆಯೇ? ಉಳಿದ ದಿನಗಳಲ್ಲೂ ಅವನಿಗೆ ಬಾಯಿ ಬಂದರೆ, ಬಹುಶಃ ಬೈಗುಳ ತಾನಾಗಿಯೇ ಹಾಡಾದೀತು.

ಕೆಲವು ವರ್ಷಗಳ ಹಿಂದೆ ಇನ್ನೊಂದು ಶಾಲೆಯಲ್ಲಿ ವಾರ್ಷಿಕೋತ್ಸವದ ಮಾತು ಬಂದಾಗ ಮತ್ತೆ ಅದೇ ಪ್ರಸ್ತಾಪ ಎದ್ದಿತು: ‘ಒಂದು ಟ್ರೈಬಲ್ ಡ್ಯಾನ್ಸ್ ಇರಲಿ.’ ಈ ಸಲ ನಾನು ಇದ್ದಿಲು ಕಲಸಲಿಲ್ಲ. ಹತ್ತಿರದ ಹಾಡಿಗೆ ಹೋಗಿ, ದುಡಿ ನುಡಿಸುವ ಒಬ್ಬ ಯರವ ಹಿರಿಯರನ್ನು ಕೇಳಿಕೊಂಡೆ. ಬರಲು ಹಿಂಜರಿದರು. ಕೂಲಿ ಹೋಗುತ್ತದೆ ಎಂದರು. ಕೂಲಿಗಿಂತ ಹೆಚ್ಚು ಕೊಡುವ ಏರ್ಪಾಡು ಮಾಡಿದೆವು. ದುಡಿಯೊಂದಿಗೆ ಅವರೂ, ಚೀನಿ ಊದುವ ಇನ್ನೊಬ್ಬರೂ ಬಂದರು.

ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ದುಡಿಯ ಚರ್ಮ ಮೆತ್ತಗಾಗಿತ್ತು. ಬಿಸಿಯೂಟದ ಅಡುಗೆಮನೆಯ ಹೊರಗೆ ಒಂದಿಷ್ಟು ಸೌದೆ ಉರಿಸಿ, ಅದರ ಶಾಖಕ್ಕೆ ದುಡಿಯನ್ನು ತಿರುಗಿಸುತ್ತಾ ಕುಳಿತರು. ತೇವ ಹೀರಿದ ಚರ್ಮ ಸಡಿಲವಾಗುತ್ತದೆ, ಶಾಖಕ್ಕೆ ತೇವ ಆರಿ ಬಿಗಿಯಾಗುತ್ತದೆ, ಆಗ ಸ್ವರ ಏರುತ್ತದೆ ಎಂದು ಸುತ್ತ ನೆರೆದ ಮಕ್ಕಳಿಗೆ ನಾನು ವಿವರಿಸಿದೆ. ಅವರು ತಲೆ ಎತ್ತಿ ನಕ್ಕರು. ಬೆರಳಿನಿಂದ ಒಮ್ಮೆ ತಟ್ಟಿ, ಕಿವಿಗೆ ಹಿಡಿದು, ‘ಇನ್ನೂ ಆಗ್ಲಿಲ್ಲ’ ಎಂದರು. ನನ್ನ ಸಿದ್ಧಾಂತಕ್ಕಿಂತ ಅವರ ಕಿವಿ ಸೂಕ್ಷ್ಮವಾಗಿತ್ತು.

ನಂತರ ನನ್ನನ್ನು ಕೇಳಿದರು: ‘ಮಾಷ್ಟ್ರೇ, ಮಕ್ಕಳಿಗೆ ಬರೀ ಹಾಡು ಸಾಕಾ, ಅದ್ರ ಕಥೆಯೂ ಹೇಳ್ಬೇಕಾ?’

ಕಥೆಯನ್ನೇ ಮೊದಲು ಹೇಳಿ ಎಂದೆ. ಸ್ಟೂಲು ತರಿಸಿ ಅವರನ್ನು ಕೂರಿಸಿ, ಮಕ್ಕಳ ಜೊತೆ ನಾನೂ ನೆಲದಲ್ಲಿ ಕುಳಿತೆ. ಲೈನ್ ಮನೆಯಿಂದ ಬರುವ ಮೂರು ಮಕ್ಕಳು ಅಂದು ಮೊದಲ ಸಾಲಿನಲ್ಲಿದ್ದರು. ಹಾಡಿನ ಅರ್ಥ ಹೇಳುವಾಗ ಆ ಹಿರಿಯರು ಎಲ್ಲಾದರೂ ತಡವರಿಸಿದರೆ ಅವರೇ ಕನ್ನಡ ಪದ ಒದಗಿಸುತ್ತಿದ್ದರು.